ನಂದಾತು ಅನ್ನುವ ಅಕ್ಕ

ನಾನು ಬರೆದದ್ದನ್ನು ಓದಿ ಅಕ್ಕ ಮೊದಲ ಸಲ ‘ಚಂದ ಐತಿ’ ಎಂದಾಗಲೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಹಿಗ್ಗಿ ಹೀರೇಕಾಯಿಯಾದೆ. ಮುದ್ದೇಬಿಹಾಳದಿಂದ ಫೋನಿನಲ್ಲಿ ಬಂದ ಆ ಮಾತನ್ನು ಸಿಂದಗಿಯ ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಕೂತವರಿಗೆಲ್ಲ ಹೇಳಿದೆ. ಯಾರೂ ಕೇಳಿರಲಿಲ್ಲ, ಆದರೂ ಹೇಳಿದೆ.

ಯಾಕೆಂದರೆ ಅಕ್ಕ ಅಷ್ಟು ಸುಲಭಕ್ಕೆ ಹೊಗಳುವವಳಲ್ಲ. ನನ್ನ ಕಥೆ ಯಾವುದೇ ಇರಲಿ, ಅಚ್ಚಿಗೆ ಹೋಗುವ ಮೊದಲು ಅದರ ಝರಾಕ್ಸ್ ಪ್ರತಿ ಅವಳ ಕೈಗೆ ಹೋಗುತ್ತಿತ್ತು. ಮಧ್ಯಾಹ್ನ ಗಂಡ ಊಟ ಮಾಡಿ ಮಾರ್ಕೆಟ್ಟಿನ ಅಂಗಡಿಗೆ ಹೋದ ಮೇಲೆ ಬಾಗಿಲ ಹತ್ತಿರ ಚಾಪೆ ಹಾಸಿಕೊಂಡು ಓದುತ್ತಿದ್ದಳು. ಆಮೇಲೆ ಫೋನು. ‘ಈ ಸೊಸಿ ಹಿಂಗ ಮಾತಾಡಂಗಿಲ್ಲ, ಇದು ಕಾಲೇಜ್ ಮೇಡಂ ಮಾತಾತು.’ ‘ಹೆಣಾ ಇನ್ನೂ ಮನ್ಯಾಗ ಐತಿ, ಇಕಿ ಒಲಿ ಹೊತ್ತಸ್ಯಾಳಲ್ಲ, ಯಾವ ಊರಾಗ ನೋಡಿದಿ?’ ನಾನು ಸಿಟ್ಟಿಗೆದ್ದು ಫೋನ್ ಇಡುತ್ತಿದ್ದೆ. ಸಂಜೆ ಹೊತ್ತಿಗೆ ಅವಳು ಹೇಳಿದ್ದನ್ನು ತಿದ್ದುತ್ತಿದ್ದೆ. ನಮ್ಮಿಬ್ಬರ ನಡುವೆ ಇದು ವರ್ಷಾನುಗಟ್ಟಲೆ ನಡೆದುಕೊಂಡು ಬಂದಿತ್ತು.

ಈ ಸಲ ಕಳಿಸಿದ್ದು ಕಥೆಯಲ್ಲ, ಕೆಲವು ವರ್ಷ ಬೇರೇನೂ ಬರೆಯದೆ ಕೂತು ಬರೆದ ಕಾದಂಬರಿ. ಅದರ ನಾಯಕಿ ಬೇರೆ ಯಾರೂ ಅಲ್ಲ, ಅಕ್ಕನೇ. ಊರನ್ನು ಸಾಲೋಟಗಿ ಮಾಡಿದ್ದೆ, ಗಂಡನಿಗೆ ಬೇರೆ ಕೆಲಸ ಕೊಟ್ಟಿದ್ದೆ, ಮೂಗಿನ ಮೇಲೆ ಒಂದು ಮಚ್ಚೆ ಇಟ್ಟಿದ್ದೆ. ಆದರೂ ಒಂದು ಪುಟ ಓದಿದರೆ ಸಾಕು, ಯಾರೆಂದು ಅವಳಿಗೆ ಗೊತ್ತಾಗಲೇಬೇಕು. ಬೈಸಿಕೊಳ್ಳಲು ತಯಾರಾಗಿ ಕೂತಿದ್ದೆ. ಅವಳು, ‘ಚಂದ ಐತಿ. ಕಡೀಕಿನ ಪುಟಗೋಳಂತೂ ಬಾಳ ಚಲೋ ಅದಾವು’ ಎಂದಳು.

ತರಗತಿಯಲ್ಲಿ ಕಥೆಯ ಪಾಠ ಮಾಡುವಾಗ ನಾನು ಬಿಡದೆ ಕೇಳುವ ಪ್ರಶ್ನೆಯೊಂದಿದೆ. ಈ ಪಾತ್ರ ಚಿಕ್ಕಂದಿನಲ್ಲಿ ಯಾರ ಮನೆಯಲ್ಲಿ ಉಂಡಿತು? ಯಾರು ಬಡಿಸಿದರು? ಮೊದಲ ಸಾಲಿಗೆ ಕೂತಿತೋ, ಎಲ್ಲರೂ ಎದ್ದ ಮೇಲೆ ಕೂತಿತೋ? ಕಥೆಗಾರ ಇದನ್ನೆಲ್ಲ ಬರೆಯದೇ ಇರಬಹುದು. ಆದರೆ ಅವನಿಗೆ ಗೊತ್ತಿಲ್ಲದಿದ್ದರೆ ಆ ಪಾತ್ರ ನಡುವೆ ಎಲ್ಲೋ ಕುಸಿದು ಬೀಳುತ್ತದೆ. ನನ್ನ ವಿದ್ಯಾರ್ಥಿಗಳು ಇದಕ್ಕೆ ನಗುತ್ತಾರೆ. ‘ಮೇಡಮ್ಮಾರು ಮತ್ತ ಊಟಕ್ಕ ಬಂದ್ರು ನೋಡ್ರಿ’ ಎಂದು ಹಿಂದಿನ ಬೆಂಚಿನಿಂದ ಗುಸುಗುಸು ಕೇಳಿಸುತ್ತದೆ.

ಒಮ್ಮೆ ಒಬ್ಬ ಹುಡುಗಿ ಎದ್ದು ನಿಂತು, ‘ಅಕಿ ಸ್ವಭಾವನ ಹಂಗ ಐತ್ರಿ ಮೇಡಂ, ಅದಕ್ಕ ಹಂಗ ಮಾಡ್ತಾಳ್ರಿ’ ಎಂದಳು. ನನಗೆ ಸಿಟ್ಟು ನೆತ್ತಿಗೇರಿತು. ‘ಸ್ವಭಾವ ಅಂದ್ರ ಏನವಾ, ಸಂತ್ಯಾಗ ಸಿಗತೈತೇನು?’ ಎಂದೆ. ಸ್ವಭಾವ ಎನ್ನುವುದು ಸೋಮಾರಿ ಓದುಗರ ಮಾತು. ‘ಬಡತನದಿಂದ ಹಾಗಾದ’ ಎನ್ನುವುದೂ ಅಷ್ಟೇ ಸೋಮಾರಿ ಮಾತು. ಪಾತ್ರದ ದೋಷ ಎಂದು ನಾವು ಪರೀಕ್ಷೆಯಲ್ಲಿ ಗೀಟು ಹೊಡೆದು ಬರೆಯುತ್ತೇವಲ್ಲ, ಅದು ಎಲ್ಲೋ ಒಂದು ಮನೆಯಲ್ಲಿ, ಯಾವಾಗಲೋ ಒಮ್ಮೆ, ಗುಣ ಎನಿಸಿಕೊಂಡಿರುತ್ತದೆ. ಅಲ್ಲಿ ಅದಕ್ಕೆ ಯಾರೋ ಶಹಬ್ಬಾಸ್ ಅಂದಿರುತ್ತಾರೆ. ಆ ಮನೆ ಬಿಟ್ಟು ಬಂದ ಮೇಲೂ ಅದನ್ನು ಬಿಡಲು ಬಾರದವರ ಕಥೆಯನ್ನು ನಾವು ಓದುತ್ತೇವೆ.

ಇದನ್ನು ನಾನು ಯಾವ ಪುಸ್ತಕದಿಂದಲೂ ಕಲಿತದ್ದಲ್ಲ. ಅಕ್ಕನನ್ನು ನೋಡಿ ಕಲಿತದ್ದು.

ನಾವಿಬ್ಬರೂ ಒಂದೇ ತಾಯಿಯ ಮಕ್ಕಳು, ಎರಡು ಮನೆಯಲ್ಲಿ ಬೆಳೆದೆವು. ಅಪ್ಪ ಬಸವನ ಬಾಗೇವಾಡಿಯಲ್ಲಿ ಸಾಲೆಯ ಮಾಸ್ತರರು. ಅಕ್ಕನಿಗೆ ಇನ್ನೂ ಹಾಲು ಬಿಡಿಸುವ ಮೊದಲೇ ನಾನು ಅವ್ವನ ಹೊಟ್ಟೆಗೆ ಬಂದೆ. ಆಗ ನಮ್ಮ ಕಡೆ ಎಲ್ಲರೂ ಮಾಡುತ್ತಿದ್ದುದನ್ನೇ ಅವ್ವನೂ ಮಾಡಿದಳು. ದೊಡ್ಡ ಕೂಸನ್ನು ಇಂಡಿಯಲ್ಲಿದ್ದ ತನ್ನ ತವರಿಗೆ ಒಯ್ದು ತನ್ನ ತಾಯಿಯ ಹತ್ತಿರ ಬಿಟ್ಟಳು. ಸಣ್ಣದು ನಡೆಯುವ ತನಕ ಎಂದು ಮಾತು. ನಾನು ನಡೆದೆ, ಓಡಿದೆ, ಸಾಲೆಗೂ ಹೋದೆ. ಅಷ್ಟು ಹೊತ್ತಿಗೆ ಅಕ್ಕ ಅಲ್ಲಿಯ ಸಾಲೆಗೆ ಸೇರಿದ್ದಳು. ಅಜ್ಜಿಗೆ ಕೈಗೊಂದು ಆಸರೆಯಾಗಿದ್ದಳು. ‘ಅಲ್ಲೇ ಹೊಂದ್ಯಾಳ, ಇರ್ಲಿ ಬಿಡು’ ಎಂದರು. ಮದುವೆಯಾಗಿ ಮುದ್ದೇಬಿಹಾಳಕ್ಕೆ ಹೋಗುವವರೆಗೂ ಅಕ್ಕ ಅಲ್ಲಿಯೇ ಇದ್ದಳು. ಬಾಗೇವಾಡಿಯ ಮನೆಗೆ ಅವಳು ಬರುತ್ತಿದ್ದುದು ನೆಂಟರ ಹುಡುಗಿಯಾಗಿ. ನೀರು ಕುಡಿಯಲು ತಂಬಿಗೆ ಎಲ್ಲಿದೆ ಎಂದು ನನ್ನನ್ನು ಕೇಳುತ್ತಿರಲಿಲ್ಲ, ನಾನು ಎಲ್ಲಿಂದ ತೆಗೆದು ಕುಡಿಯುತ್ತೇನೆಂದು ನೋಡಲು ಕಾಯುತ್ತಿದ್ದಳು.

ಇಂಡಿಯ ಆ ಮನೆ ದೊಡ್ಡದು. ಹಿಂದೆ ಮಾಮಾನ ಲಿಂಬೆ ತೋಟ. ಊಟಕ್ಕೆ ಕೂತರೆ ಪಡಸಾಲೆಯ ಈ ಗೋಡೆಯಿಂದ ಆ ಗೋಡೆಯವರೆಗೆ ಮಕ್ಕಳು. ಬೇಸಿಗೆ ರಜೆಗೆ ಹೋದಾಗ ನಾನೂ ಆ ಸಾಲಿನಲ್ಲಿ ಕೂರುತ್ತಿದ್ದೆ. ಅಕ್ಕ ಕೂರುತ್ತಿರಲಿಲ್ಲ. ಲಂಗ ಎತ್ತಿ ಕಟ್ಟಿ, ರೊಟ್ಟಿಯ ಬುಟ್ಟಿಯನ್ನು ಸೊಂಟಕ್ಕೆ ಒತ್ತಿಕೊಂಡು ಬಡಿಸುತ್ತಿದ್ದಳು. ಬುಟ್ಟಿ ತಳ ಕಾಣುವ ಹೊತ್ತಿಗೆ ಅಜ್ಜಿ ಒಲೆಯ ಮುಂದಿನಿಂದ ಕೂಗುತ್ತಿದ್ದಳು, ‘ನಿಂದಾತೇನಬೇ, ಊಟಾ?’ ಅಕ್ಕ ಅನ್ನುತ್ತಿದ್ದಳು, ‘ನಂದಾತು.’ ಅಜ್ಜಿ ನಮ್ಮ ಕಡೆ ತಿರುಗಿ, ‘ನೋಡ್ರಿ, ಶಾಣ್ಯಾಕಿ ಅಂದ್ರ ಇಕಿ’ ಎನ್ನುತ್ತಿದ್ದಳು. ಉಂಡಿಲ್ಲವೆಂದು ಅಜ್ಜಿಗೂ ಗೊತ್ತಿತ್ತು ಎಂದೇ ನನಗೆ ಅನಿಸುತ್ತದೆ. ಗೊತ್ತಿದ್ದೇ ಹೊಗಳುತ್ತಿದ್ದಳು. ಆಮೇಲೆ ಅಕ್ಕ ಉಳಿದ ಚೂರುಗಳನ್ನು ಮಜ್ಜಿಗೆಯಲ್ಲಿ ನೆನೆಸಿ ತೋಟದ ಕಡೆ ಮುಖ ಮಾಡಿ ತಿನ್ನುತ್ತಿದ್ದುದನ್ನು ನಾನು ನೋಡಿದ್ದೇನೆ. ಅವಳ ಮುಖದಲ್ಲಿ ಬೇಜಾರಿರಲಿಲ್ಲ. ಶಾಣ್ಯಾಕಿ, ಜಾಣೆ ಎನಿಸಿಕೊಂಡ ಸಂತೋಷವೇ ಇತ್ತು. ನನಗೆ ಇವತ್ತಿಗೂ ಸಂಕಟವಾಗುವುದು ಆ ಸಂತೋಷವನ್ನು ನೆನೆದಾಗ.

ಇಲ್ಲಿ ನನ್ನ ಸಿದ್ಧಾಂತಕ್ಕೆ ಒಬ್ಬ ಅಡ್ಡ ನಿಲ್ಲುತ್ತಾನೆ. ಮಾಮಾನ ಮಗ. ಅದೇ ಮನೆ, ಅದೇ ಅಜ್ಜಿ, ಅದೇ ರೊಟ್ಟಿ. ಅವನು ಈಗ ಚಡಚಣದಲ್ಲಿ ದ್ರಾಕ್ಷಿ ವ್ಯಾಪಾರ ಮಾಡುತ್ತಾನೆ. ಯಾರ ಲಗ್ನಕ್ಕೆ ಹೋದರೂ ಬುಂದಿ ಲಾಡು ಕೇಳಿ ಕಟ್ಟಿಸಿಕೊಂಡೇ ಬರುತ್ತಾನೆ. ಬಸ್ಸಿನಲ್ಲಿ ಪಕ್ಕದವರ ಚೀಲದಲ್ಲಿ ಚುರಮುರಿ ಕಂಡರೆ ಕೈ ಚಾಚುತ್ತಾನೆ. ಒಂದೇ ಬೆಳವಣಿಗೆ ಇಬ್ಬರನ್ನೂ ಒಂದೇ ಥರ ಮಾಡಬೇಕಿತ್ತಲ್ಲ ಎಂದು ಆ ವಿದ್ಯಾರ್ಥಿನಿ ಕೇಳಿದ್ದರೆ ನಾನು ತಡವರಿಸುತ್ತಿದ್ದೆ. ಯೋಚಿಸುತ್ತಾ ಹೋದಂತೆ ತಿಳಿಯಿತು, ಸೂರು ಒಂದೇ ಆದರೂ ಮನೆ ಒಂದೇ ಆಗಿರಲಿಲ್ಲ. ಅವನು ಮನೆಯ ಮಗ, ಕೇಳಿದರೆ ಹಕ್ಕು. ಇವಳು ಮಗಳ ಮಗಳು, ಬಿಟ್ಟುಹೋದ ಕೂಸು. ಕೇಳಿದರೆ ಎಲ್ಲಿ ತಿರುಗಿ ಕಳಿಸುತ್ತಾರೋ ಎಂದು ಹೆದರಿದ್ದಳೋ ಏನೋ. ಹಾಗೆ ಹೆದರುವ ಕೂಸಿಗೆ ತಿರುಗಿ ಹೋಗಲು ಇದ್ದ ಮನೆಯಾದರೂ ಯಾವುದು?

ಅವ್ವ ಈಗಿಲ್ಲ. ಇದ್ದಾಗ ಈ ಮಾತು ತೆಗೆದು ಜಗಳ ಮಾಡಿದ್ದೆ. ‘ನನ್ನೂ ನಮ್ಮವ್ವ ಅಕಿ ಅಕ್ಕನ ಮನ್ಯಾಗ ಬಿಟ್ಟಿದ್ಲು, ನಾ ಏನ ಸತ್ತನೇನು?’ ಎಂದಿದ್ದಳು ಅವ್ವ. ಮಾತು ಅಲ್ಲಿಗೆ ನಿಂತಿತು. ಪಾತ್ರದ ಮೂಲ ಹುಡುಕುತ್ತಾ ಹೊರಟರೆ ಹೀಗೆಯೇ. ಮಗಳ ಹಿಂದೆ ತಾಯಿ, ತಾಯಿಯ ಹಿಂದೆ ಅಜ್ಜಿ, ಯಾರ ಮೇಲೂ ಪೂರ್ತಿ ಸಿಟ್ಟಾಗಲು ಬಿಡುವುದಿಲ್ಲ. ನನಗೆ ಸಿಟ್ಟು ಬರುತ್ತದೆ, ಆ ಮಾತು ಬೇರೆ.

ನಮ್ಮ ಕಡೆ ಊಟಕ್ಕೆ ಕೂತವರು ಸಾಕು ಎಂದರೆ ಅದಕ್ಕೆ ಬೆಲೆಯಿಲ್ಲ. ತಾಟಿನ ಮೇಲೆ ಅಡ್ಡ ಹಿಡಿದ ಕೈಯನ್ನು ಸರಿಸಿ, ‘ಅರ್ಧಾ ಅಷ್ಟ’ ಎನ್ನುತ್ತಾ ಇಡೀ ರೊಟ್ಟಿ ಹಾಕಿಬಿಡುತ್ತೇವೆ. ಬೇಡ ಅನ್ನುವುದು ಉಣ್ಣುವವರ ಕೆಲಸ, ಕೇಳದೆ ಹಾಕುವುದು ಬಡಿಸುವವರ ಕೆಲಸ. ಒತ್ತಾಯ ಮಾಡದ ಮನೆಗೆ ಜನ ಎರಡನೇ ಸಲ ಹೋಗುವುದಿಲ್ಲ. ಆದರೆ ಈ ಒತ್ತಾಯ ಕೂತವರಿಗೆ ಮಾತ್ರ. ನಿಂತು ಬಡಿಸುವವಳಿಗೆ ಯಾರೂ ಒತ್ತಾಯ ಮಾಡುವುದಿಲ್ಲ. ಅವಳು ನಂದಾತು ಎಂದರೆ ಆಯಿತು. ಅಕ್ಕ ಆ ಮಾತನ್ನು ಅನ್ನಕ್ಕಷ್ಟೇ ಇಟ್ಟುಕೊಳ್ಳಲಿಲ್ಲ. ಸೀರೆಗೆ, ಔಷಧಕ್ಕೆ, ತವರಿಗೆ, ಎಲ್ಲಕ್ಕೂ ಹಬ್ಬಿಸಿದಳು.

ಕಾದಂಬರಿಯನ್ನು ನಾನು ಮತ್ತೆ ಕೈಗೆತ್ತಿಕೊಂಡದ್ದು ಅವಳು ಹೊಗಳಿದ ಕೆಲವು ದಿನಗಳ ಮೇಲೆ. ಅಕ್ಕನಿಗೆ ಕಳಿಸಿದ್ದರ ಜೊತೆಗೇ ತೆಗೆಸಿದ ಇನ್ನೊಂದು ಪ್ರತಿ ನನ್ನ ಹತ್ತಿರವೇ ಇತ್ತು. ತಿದ್ದಲು ಕೂತು ನೋಡಿದರೆ ಕೊನೆಯ ಪುಟಗಳಲ್ಲಿ ಅಕ್ಷರವೇ ಇಲ್ಲ. ಮಶೀನಿನ ಮಸಿ ಮುಗಿದಿತ್ತು. ಬಿಳಿ ಹಾಳೆಯ ಮೇಲೆ ಅಲ್ಲಲ್ಲಿ ಬೂದಿ ಬಣ್ಣದ ಗೆರೆ, ಅಷ್ಟೇ. ಝರಾಕ್ಸ್ ಅಂಗಡಿಗೆ ಓಡಿದೆ. ‘ಎರಡೂ ಸೆಟ್ ಒಮ್ಮೆಲೆ ತಗದೇವ್ರಿ ಮೇಡಂ, ಎರಡೂ ಹಂಗ ಬಂದಿರ್ತಾವ್ರಿ’ ಎಂದ ಅಂಗಡಿಯವನು.

ಅಕ್ಕ ಹೊಗಳಿದ್ದು ಆ ಪುಟಗಳನ್ನೇ.

ಓದದೆಯೇ ಹೊಗಳಿದಳಲ್ಲ ಎಂದು ಉರಿದುಹೋದೆ. ಮರುದಿನವೇ ರಜೆ ಹಾಕಿ, ತಾಳಿಕೋಟಿಯಲ್ಲಿ ಬಸ್ಸು ಬದಲಿಸಿ ಮುದ್ದೇಬಿಹಾಳ ಮುಟ್ಟಿದೆ. ದಾರಿಯುದ್ದಕ್ಕೂ ಜಗಳದ ಮಾತು ಜೋಡಿಸಿಕೊಂಡಿದ್ದೆ. ಮನೆಯ ಮುಂದಿನ ಬಾಗಿಲು ತೆರೆದೇ ಇತ್ತು. ಅಕ್ಕ ಚಾಪೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಳು. ನಾನು ಹೊಸ್ತಿಲಲ್ಲಿ ನಿಂತೆ. ಅವಳು ನನ್ನ ಕಡೆಗೇ ಮುಖ ಮಾಡಿದ್ದಳು, ಸುಲಿಯುತ್ತಲೇ ಇದ್ದಳು. ನಾನು ಕೆಮ್ಮಿದೆ. ‘ಯಾರ್ರಿ?’ ಎಂದಳು.

‘ನಾ ಅಕ್ಕಾ’ ಎಂದೆ.

‘ಯವ್ವಾ, ನೀನ! ಬಿಸಿಲಿಗಿ ಕಣ್ಣ ಮಂಜಾದಂಗ ಆಗ್ಯಾವ ನೋಡು’ ಎನ್ನುತ್ತಾ ಎದ್ದಳು. ಗೋಡೆಯ ಮೇಲೆ ಬೆರಳಾಡಿಸುತ್ತಾ ಅಡುಗೆಮನೆಗೆ ಹೋದಳು. ಲೋಟದ ಅಂಚಿನೊಳಗೆ ತೋರುಬೆರಳು ಇಟ್ಟು, ನೀರು ಬೆರಳಿಗೆ ತಾಕುವ ತನಕ ಕೊಡದಿಂದ ಬಗ್ಗಿಸಿದಳು. ನಾನು ಹೋಗಿ ಲೋಟವನ್ನು ಅವಳ ಕೈಯಿಂದ ತೆಗೆದುಕೊಂಡೆ.

ಅಂದೇ ಅವಳನ್ನು ಗಂಡನ ಜೊತೆ ವಿಜಯಪುರಕ್ಕೆ ಕರೆದೊಯ್ದೆ. ಕಣ್ಣಿನ ಡಾಕ್ಟರು ಬಹಳ ಹೊತ್ತು ನೋಡಿದರು, ಮತ್ತೆ ಮತ್ತೆ ದೀಪ ಬಿಟ್ಟು ನೋಡಿದರು. ಗ್ಲಾಕೋಮಾ ಎಂದರು. ಕಣ್ಣಿನೊಳಗಿನ ನರ ಒಣಗಿದೆ, ಹೋದ ದೃಷ್ಟಿ ತಿರುಗಿ ಬರುವುದಿಲ್ಲ, ಉಳಿದಿರುವ ಇಷ್ಟು ಬೆಳಕನ್ನು ಕಾಯ್ದುಕೊಂಡರೆ ದೊಡ್ಡದು ಎಂದರು. ಮೊದಲೇ ಬಂದಿದ್ದರೆ ತಡೆಯಬಹುದಿತ್ತು ಎಂದೂ ಹೇಳಿದರು. ಆಮೇಲೆ ಅವರಿಗೇ ತಡೆಯಲಾಗಲಿಲ್ಲ. ‘ಬಾಜೂಕಿಂದೆಲ್ಲ ಕತ್ತಲ ಆಕ್ಕೋತ ಬಂದದ್ದು ನಿಮಗ ಗೊತ್ತ ಆಗಲಿಲ್ಲೇನ್ರಿ?’ ಎಂದು ಕೇಳಿದರು.

‘ಗೊತ್ತಾಗಿತ್ರಿ’ ಎಂದಳು ಅಕ್ಕ. ‘ಕಂಡಷ್ಟು ಸಾಕಂತ ಸುಮ್ಮಕಿದ್ದೆ.’

ಹೊರಗೆ ಬೆಂಚಿನ ಮೇಲೆ ಅಕ್ಕನ ಗಂಡ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು ಕೂತರು. ಒಳ್ಳೆಯ ಮನುಷ್ಯರು ಅವರು. ಹೆಂಡತಿಗೆ ಒಂದು ದಿನ ಗದರಿದವರಲ್ಲ. ‘ನಾ ದಿನಾ ಕೇಳತಿದ್ನವಾ, ಆರಾಮ ಅದಿ ಇಲ್ಲೋ ಅಂತ. ಆರಾಮ ಅದೀನಿ ಅಂತಿದ್ಲು. ಮತ್ತ ಹೆಂಗ ಕೇಳಬೇಕಿತ್ತು ನಾ?’ ಎಂದರು. ಅವರೂ ಎಲ್ಲರಂತೆ ಅವಳ ಮಾತನ್ನು ನಂಬಿದ್ದರು. ಮನೆಯ ಒಂದೊಂದು ಮೂಲೆಯೂ ಅವಳ ಕೈಗೆ ಗೊತ್ತಿತ್ತು. ರೊಟ್ಟಿಯನ್ನು ಸಪ್ಪಳದ ಅಂದಾಜಿನಿಂದಲೇ ತಟ್ಟುತ್ತಿದ್ದಳು. ಕಾದಂಬರಿಯ ಪ್ರತಿ ಬಂದಾಗ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಎಷ್ಟು ದಪ್ಪ ಇದೆ ಎಂದು ಸವರಿ ನೋಡಿದ್ದಳಂತೆ. ನನ್ನ ಮನಸ್ಸು ನೋಯಬಾರದೆಂದು ಹೊಗಳಿದಳು. ಕೊನೆಯ ಪುಟ ಚಲೋ ಇದೆ ಎಂದರೆ ಪೂರ್ತಿ ಓದಿದಂತೆ ಆಗುತ್ತದೆಂದು ಲೆಕ್ಕ ಹಾಕಿದಳು.

ಆ ದಿನದಿಂದ ನಾನು ಪಾಠ ಮಾಡುವಾಗ ದೋಷ ಎನ್ನುವ ಶಬ್ದ ಬಂದರೆ ಪುಸ್ತಕ ಮುಚ್ಚಿಬಿಡುತ್ತೇನೆ. ಕಾದಂಬರಿಯಲ್ಲಿ ದೋಷ ಇದ್ದರೆ ಕಥೆ ಮುಂದೆ ಹೋಗುತ್ತದೆ, ಓದುಗರು ಮೆಚ್ಚುತ್ತಾರೆ. ಮನೆಯಲ್ಲಿ ಅದು ಕಣ್ಣು ತಿನ್ನುತ್ತದೆ. ಅಜ್ಜಿಯ ಒಂದು ಶಹಬ್ಬಾಸಿಗೆ ನನ್ನ ಅಕ್ಕ ಎರಡೂ ಕಣ್ಣು ಕೊಟ್ಟಳು ಎಂದು ಒಮ್ಮೊಮ್ಮೆ ಕೂಗಿ ಹೇಳಬೇಕು ಅನಿಸುತ್ತದೆ. ಯಾರ ಮುಂದೆ ಕೂಗಲಿ?

ಈಗ ನಾನು ರಜೆ ಸಿಕ್ಕಾಗಲೆಲ್ಲ ಮುದ್ದೇಬಿಹಾಳಕ್ಕೆ ಹೋಗಿ ಅವಳಿಗೆ ಓದಿ ಹೇಳುತ್ತೇನೆ. ಕಾದಂಬರಿಯನ್ನು ಮೊದಲಿನಿಂದ ಓದಿದೆ. ತನ್ನ ಕಥೆಯೆಂದು ಅವಳಿಗೆ ಮೊದಲ ಪುಟದಲ್ಲೇ ಗೊತ್ತಾಯಿತು. ಬೈಯಲಿಲ್ಲ. ‘ಮೂಗಿನ ಮ್ಯಾಲ ಮಚ್ಚಿ ಯಾಕ ಇಟ್ಟಿ, ಅದೊಂದು ಕಡಿಮಿ ಇತ್ತೇನು ನನಗ?’ ಎಂದು ನಕ್ಕಳು.

ಕೊನೆಯ ಅಧ್ಯಾಯ ಉಳಿದಿತ್ತು. ಅದನ್ನು ಓದಲು ಹೋದ ದಿನ ಅವಳ ಗಂಡ ನಾಲತವಾಡದ ಸಂತೆಗೆ ಹೋಗಿದ್ದರು. ಮಧ್ಯಾಹ್ನ ಇಳಿಯುತ್ತಾ ಬಂದಿತ್ತು. ‘ಊಟಾ ಆತೇನಕ್ಕಾ?’ ಎಂದೆ. ‘ನಂದಾತು. ಬಾ, ನಿನಗ ಬಡಸ್ತೀನಿ’ ಎಂದಳು. ಅಡುಗೆಮನೆಗೆ ಹೋಗಿ ನೋಡಿದೆ. ರೊಟ್ಟಿಯ ಬುಟ್ಟಿಯ ಮೇಲಿನ ಬಟ್ಟೆ ತೆಗೆದಿರಲೇ ಇಲ್ಲ. ಪಲ್ಯದ ಬೋಗುಣಿಗೆ ಸೌಟು ಇಳಿದಿರಲಿಲ್ಲ. ಎರಡು ತಾಟು ಮಾಡಿ ತಂದು ಒಂದನ್ನು ಅವಳ ತೊಡೆಯ ಮೇಲಿಟ್ಟೆ. ಅವಳು ತಾಟಿನ ಮೇಲೆ ಕೈ ಅಡ್ಡ ಹಿಡಿದಳು. ಕೈ ಸರಿಸಿ, ‘ಅರ್ಧಾ ಅಷ್ಟ’ ಎಂದು ಇನ್ನೊಂದು ರೊಟ್ಟಿ ಹಾಕಿದೆ. ಅಕ್ಕ ತಲೆ ತಗ್ಗಿಸಿ ಪೂರ್ತಿ ಉಂಡಳು.

ಆಮೇಲೆ ಮೂಲಪ್ರತಿಯಿಂದಲೇ ಓದಿದೆ. ಆ ಅಧ್ಯಾಯದಲ್ಲಿ ನನ್ನ ನಾಯಕಿ ಮುದುಕಿಯಾಗಿದ್ದಾಳೆ. ಮನೆಯವರೆಲ್ಲರ ಊಟ ಮುಗಿದು ಸೊಸೆ ಬುಟ್ಟಿ ಮುಚ್ಚುತ್ತಿದ್ದಾಳೆ. ಜೀವಮಾನದಲ್ಲಿ ಏನನ್ನೂ ಕೇಳದವಳು ಆಗ ಬಾಯಿ ಬಿಟ್ಟು ಅನ್ನುತ್ತಾಳೆ: ‘ನನಗ ಇನ್ನೂ ಹಸಿವೈತಿ. ಇನ್ನೊಂದು ರೊಟ್ಟಿ ಹಾಕು.’ ಅಲ್ಲಿಗೆ ಕಾದಂಬರಿ ಮುಗಿಯುತ್ತದೆ. ಮಸಿ ಹತ್ತದೆ ಬಿಳಿಯಾಗಿ ಉಳಿದಿದ್ದ ಪುಟಗಳಲ್ಲಿ ಇರಬೇಕಿದ್ದದ್ದು ಇದೇ.

ಅಕ್ಕನ ಹಳೆಯ ದನಿ ಬಂತು, ಫೋನಿನಲ್ಲಿ ನನ್ನನ್ನು ಬೈಯುತ್ತಿದ್ದ ದನಿ. ‘ತಗಿ ಅದನ್ನ. ಅಕಿ ಹಂಗ ಕೇಳಂಗಿಲ್ಲ. ಅಕಿಗಿ ಕೇಳಾಕ ಬರಂಗಿಲ್ಲ. ಅದು ನಿನ್ನ ಆಸೆ, ಅಕಿ ಬಾಯಾಗ ತುರಕಿ.’

‘ಪಾತ್ರ ಕಡೀಕರೆ ಬದಲಾಗಬೇಕಲ್ಲಕ್ಕಾ’ ಎಂದೆ.

‘ಯಾರ ಸಲವಾಗಿ?’ ಎಂದಳು.

ಅಕ್ಕ ಹೇಳಿದ್ದು ಸರಿಯಿತ್ತು. ಆ ಮನೆಯಲ್ಲಿ ಹಾಗೆ ಬೆಳೆದವಳು ಕೊನೆಗೂ ಕೇಳುವುದಿಲ್ಲ. ಕೇಳಿದರೆ ಅವಳು ಅವಳಲ್ಲ. ನನಗೆ ಅಳು ಬರುತ್ತಿತ್ತು. ಚೀಲದಿಂದ ಪೆನ್ನು ತೆಗೆದು ಆ ಸಾಲಿನ ಮೇಲೆ ಗೀಟು ಎಳೆದೆ. ಹಾಳೆಯ ಮೇಲೆ ಪೆನ್ನಿನ ಸಪ್ಪಳ ಅವಳಿಗೆ ಕೇಳಿಸಿತು.

‘ಹೊಡದಿ?’

‘ಹ್ಞೂಂ.’

ಅಕ್ಕ ಕೈ ಮುಂದೆ ಚಾಚಿ ಹಾಳೆಯನ್ನು ಹುಡುಕಿದಳು. ಸಿಕ್ಕ ಮೇಲೆ ಅದರ ಅಂಚು ಹಿಡಿದುಕೊಂಡಳು. ಏನೋ ಹೇಳಲು ಬಾಯಿ ತೆರೆದು ಮುಚ್ಚಿದಳು. ಮತ್ತೆ ತೆರೆದಳು.

‘ತಂಗೀ, ಅಷ್ಟ ಇನ್ನೊಮ್ಮಿ ಓದ್ತೀಯೇನು? ಅಕಿ ರೊಟ್ಟಿ ಕೇಳ್ತಾಳಲ್ಲ, ಅಷ್ಟ.’

ಅಕ್ಕ ನನ್ನನ್ನು ತನಗೆಂದು ಏನಾದರೂ ಕೇಳಿದ್ದು ನನಗೆ ನೆನಪಿರುವ ಹಾಗೆ ಅದೇ ಮೊದಲು. ಗೀಟಿನ ಕೆಳಗೆ ಅಕ್ಷರಗಳು ಇನ್ನೂ ಕಾಣುತ್ತಿದ್ದವು. ನಾನು ಓದಿದೆ. ‘ನನಗ ಇನ್ನೂ ಹಸಿವೈತಿ’ ಎನ್ನುವಷ್ಟರಲ್ಲಿ ನನ್ನ ದನಿ ಹೋಯಿತು. ಉಳಿದದ್ದನ್ನು ಅಕ್ಕನೇ ಮೆಲ್ಲಗೆ ಹೇಳಿಕೊಂಡಳು.